ಲಿವರ್ ನಡುವೆ ನಿಲ್ಲಿಸಿದರೂ ಟ್ರಾಲಿ ತಾನೇ ಇಳಿಯುತ್ತಿದೆ. ಪಂಪಾ, ವಾಲ್ವಾ?

ಮುಳಬಾಗಿಲು ಟ್ರ್ಯಾಕ್ಟರ್

ಎಲ್ಲರಿಗೂ ನಮಸ್ಕಾರ. ನಮ್ಮದು ಮುಳಬಾಗಿಲು ಹತ್ತಿರದ ಹಳ್ಳಿ. ಟೊಮೆಟೊ, ಸ್ವಲ್ಪ ರಾಗಿ. ಹಳೆಯ ಟ್ರ್ಯಾಕ್ಟರ್ ಒಂದಿದೆ, ಅದಕ್ಕೆ ಎಣ್ಣೆಯ ಒತ್ತಡದಿಂದ ಎತ್ತುವ ಜಾಕ್ ಇರುವ ಟ್ರಾಲಿ.

ಹೋದ ವಾರ ತಿಪ್ಪೆಗೊಬ್ಬರ ಸುರಿಯಲು ಟ್ರಾಲಿ ಎತ್ತಿ, ಲಿವರ್ ನಡುವೆ ನಿಲ್ಲಿಸಿದೆ. ಹಿಂದಿನ ಬಾಗಿಲ ಕೊಂಡಿ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ತಿರುಗಿ ನೋಡುವಷ್ಟರಲ್ಲಿ ಟ್ರಾಲಿ ಒಂದು ಗೇಣು ಇಳಿದಿತ್ತು. ಯಾರೂ ಲಿವರ್ ಮುಟ್ಟಿರಲಿಲ್ಲ. ನನ್ನ ಮಗ ಆಗತಾನೇ ಗ್ರೀಸ್ ಗನ್ ಹಿಡಿದು ಟ್ರಾಲಿ ಕೆಳಗೆ ಹೋಗಲು ಬರುತ್ತಿದ್ದ. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಒಬ್ಬ ಮೆಕ್ಯಾನಿಕ್ ಪಂಪ್ ಹೋಗಿದೆ, ಹೊಸದು ಹಾಕಿ ಅನ್ನುತ್ತಾರೆ. ಇನ್ನೊಬ್ಬರು ರಿಲೀಫ್ ಸ್ಕ್ರೂ ಒಂದು ಸುತ್ತು ಬಿಗಿ ಮಾಡಿ ಸಾಕು ಅನ್ನುತ್ತಾರೆ. ಹೊರಗೆ ಎಲ್ಲೂ ಎಣ್ಣೆ ಸೋರುತ್ತಿಲ್ಲ. ಎತ್ತುವಾಗ ಮೊದಲಿನಂತೆಯೇ ಜೋರಾಗಿ ಎತ್ತುತ್ತದೆ. ತಿಳಿದವರು ದಾರಿ ಹೇಳಿ.

ಚಿಂತಾಮಣಿ ಗ್ಯಾರೇಜ್

ಅಣ್ಣ, ನಾನೂ ರಿಲೀಫ್ ವಾಲ್ವೇ ಅಂದುಕೊಳ್ಳುತ್ತೇನೆ. ಸ್ಪ್ರಿಂಗ್ ಸಡಿಲ ಆಗಿರುತ್ತದೆ. ಅರ್ಧ ಸುತ್ತು ಬಿಗಿ ಮಾಡಿ ನೋಡಿ.

ವಸಂತನರಸಾಪುರ ಫಿಟ್ಟರ್

ದಯವಿಟ್ಟು ಆ ಸ್ಕ್ರೂ ಮುಟ್ಟಬೇಡಿ. ಒತ್ತಡ ತೋರಿಸುವ ಗೇಜ್ ಇಲ್ಲದೆ ಅದನ್ನು ತಿರುಗಿಸುವುದು ಕಣ್ಣು ಕಟ್ಟಿಕೊಂಡು ಬಾವಿಗಿಳಿದಂತೆ. ನಾನು ತುಮಕೂರಿನಲ್ಲಿ ಹೈಡ್ರಾಲಿಕ್ ಪವರ್ ಪ್ಯಾಕ್ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಕೆರೆ ನೋಡಿ ಬೆಳೆದವರಿಗೆ ವಾಲ್ವ್ ಹೊಸದಲ್ಲ. ನೀರು ಇವತ್ತು ಯಾವ ಕಾಲುವೆಗೆ ಹೋಗಬೇಕು ಅನ್ನುವುದನ್ನು ನೀರಗಂಟಿ ನೋಡುತ್ತಾನೆ. ಎಷ್ಟು ಹೋಗಬೇಕು ಅನ್ನುವುದು ತೂಬಿನ ಕೆಲಸ. ಕೆರೆ ತುಂಬಿದ ಮೇಲೆ ಕಟ್ಟೆ ಒಡೆಯದ ಹಾಗೆ ಕಾಯುವುದು ಕೋಡಿ. ಹೈಡ್ರಾಲಿಕ್ಸ್‌ನಲ್ಲಿಯೂ ಇವೇ ಮೂರು ಕೆಲಸ. ನಿಮ್ಮ ಲಿವರ್ ನೀರಗಂಟಿ. ಅದರ ಹೆಸರು ಡೈರೆಕ್ಷನ್ ವಾಲ್ವ್. ತೂಬಿನ ಜಾಗದಲ್ಲಿ ಫ್ಲೋ ಕಂಟ್ರೋಲ್ ವಾಲ್ವ್. ಕೋಡಿಯ ಜಾಗದಲ್ಲಿ ರಿಲೀಫ್ ವಾಲ್ವ್.

ಈಗ ನಿಮ್ಮ ವಿಷಯ. ಪಂಪ್ ಒತ್ತಡ ತಯಾರಿಸುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಪಂಪ್ ಬರೀ ಎಣ್ಣೆ ತಳ್ಳುತ್ತದೆ. ಮುಂದೆ ಎಷ್ಟು ಭಾರ ಅಡ್ಡ ಇದೆಯೋ ಅಷ್ಟು ಒತ್ತಡ ಹುಟ್ಟುತ್ತದೆ. ಉದಾಹರಣೆಗೆ 80 ಮಿ.ಮೀ. ಬೋರ್, ಅಂದರೆ ಒಳವ್ಯಾಸ, ಇರುವ ಜಾಕ್ ತೆಗೆದುಕೊಳ್ಳಿ. ಅದರ ಮುಖದ ವಿಸ್ತೀರ್ಣ ಸುಮಾರು 50 ಚದರ ಸೆಂಟಿಮೀಟರ್. 100 ಬಾರ್ ಒತ್ತಡಕ್ಕೆ ಅದು ಸುಮಾರು 5 ಟನ್ ಎತ್ತುತ್ತದೆ. ನಿಮಿಷಕ್ಕೆ 30 ಲೀಟರ್ ಎಣ್ಣೆ ಬಂದರೆ ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್ ಏರುತ್ತದೆ. ಬಲ ಒತ್ತಡದಿಂದ, ವೇಗ ಹರಿವಿನಿಂದ. ಈ ಎರಡನ್ನು ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ನಿಮ್ಮ ಟ್ರಾಲಿ ಜೋರಾಗಿ ಎತ್ತುತ್ತದೆ ಅಂದಿರಿ. ಹಾಗಾದರೆ ಪಂಪೂ ಸರಿ ಇದೆ, ರಿಲೀಫೂ ಸರಿ ಇದೆ. ಲಿವರ್ ನಡುವೆ ಬಂದ ಮೇಲೆ ಪಂಪಿನ ಎಣ್ಣೆ ನೇರವಾಗಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಎತ್ತಿದ ಭಾರ ಹಿಡಿದು ನಿಲ್ಲಿಸುವುದರಲ್ಲಿ ಪಂಪಿನ ಪಾತ್ರವೇ ಇಲ್ಲ. ಭಾರ ನಿಂತಿರುವುದು ಜಾಕ್ ಒಳಗೆ ಸಿಕ್ಕಿಕೊಂಡ ಎಣ್ಣೆಯ ಮೇಲೆ. ಆ ಎಣ್ಣೆಗೆ ಹೊರಡಲು ಎಲ್ಲಿ ದಾರಿ ಸಿಕ್ಕಿದೆ, ಅದನ್ನು ಹುಡುಕಬೇಕು.

ನಿಮ್ಮದು ಒಂದೇ ಪೈಪಿನ ಜಾಕಾ, ಎರಡು ಪೈಪಿನದಾ?

ಮುಳಬಾಗಿಲು ಟ್ರ್ಯಾಕ್ಟರ್

ಒಂದೇ ಪೈಪ್ ಸರ್. ಎಣ್ಣೆ ಎತ್ತುತ್ತದೆ, ಇಳಿಯುವುದು ಭಾರಕ್ಕೆ ತಾನೇ.

ವಸಂತನರಸಾಪುರ ಫಿಟ್ಟರ್

ಹಾಗಾದರೆ ಕೆಲಸ ಸುಲಭವಾಯಿತು. ಒಂದೇ ಪೈಪಿನ ಜಾಕ್‌ನಲ್ಲಿ ಸೀಲ್ ಹೋದರೆ ಎಣ್ಣೆ ಹೊರಗೆ ಕಾಣಿಸಲೇಬೇಕು. ರಾಡ್ ಮೇಲೆ ಅಥವಾ ಗಾಳಿ ತೂತಿನ ಹತ್ತಿರ ಒದ್ದೆ ಆಗುತ್ತದೆ. ಒಣಗಿದೆ ಅಂದರೆ ಜಾಕ್ ತಪ್ಪಿಲ್ಲ. ಎಣ್ಣೆ ಬಂದ ದಾರಿಯಲ್ಲೇ, ಅಂದರೆ ವಾಲ್ವ್ ಮೂಲಕವೇ ಟ್ಯಾಂಕಿಗೆ ವಾಪಸ್ ಹೋಗುತ್ತಿದೆ.

ಇಲ್ಲಿ ಒಂದು ಮಾತು ಎಲ್ಲರೂ ಮನಸ್ಸಿಟ್ಟು ಕೇಳಿ. ಲಿವರ್ ನಡುವೆ ಇದ್ದರೆ ಬೀಗ ಹಾಕಿದಂತೆ ಅಂತ ನಾವು ನಂಬಿದ್ದೇವೆ. ಅದು ಬೀಗ ಅಲ್ಲ. ಈ ವಾಲ್ವಿನ ಒಳಗೆ ಸ್ಪೂಲ್ ಅಂತ ಒಂದು ಉಕ್ಕಿನ ಕಡ್ಡಿ ಇರುತ್ತದೆ. ಅದರ ಮೈಮೇಲೆ ಉಬ್ಬು, ತಗ್ಗು. ಲಿವರ್ ಎಳೆದರೆ ಕಡ್ಡಿ ಜರುಗುತ್ತದೆ. ತಗ್ಗು ಬಂದ ಕಡೆ ದಾರಿ ತೆರೆಯುತ್ತದೆ, ಉಬ್ಬು ಬಂದ ಕಡೆ ಮುಚ್ಚುತ್ತದೆ. ಆ ಕಡ್ಡಿ ಜರುಗಬೇಕಾದರೆ ಸುತ್ತ ಸ್ವಲ್ಪ ಸಂದು ಇರಲೇಬೇಕು. ಆ ಸಂದು ಕೆಲವೇ ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ, ಅಂದಾಜು ಮಾಡಿಕೊಳ್ಳಿ. ಇಷ್ಟು ಸಣ್ಣ ಸಂದಿನಲ್ಲೂ ಒತ್ತಡದ ಎಣ್ಣೆ ಜಿನುಗುತ್ತದೆ. ಹೊಚ್ಚ ಹೊಸ ವಾಲ್ವಿನಲ್ಲೂ ಜಿನುಗುತ್ತದೆ. ಎಣ್ಣೆ ಬಿಸಿಯಾಗಿ ತೆಳ್ಳಗಾದರೆ ಇನ್ನೂ ಜಾಸ್ತಿ.

ನೀರಗಂಟಿ ಹಾರೆಯಿಂದ ಮಣ್ಣು ಎಳೆದು ಕಾಲುವೆಗೆ ಅಡ್ಡ ಕಟ್ಟುತ್ತಾನೆ ಅಲ್ವಾ? ನೀರು ತಿರುಗುತ್ತದೆ. ಆದರೆ ಬೆಳಿಗ್ಗೆ ಹೋಗಿ ನೋಡಿದರೆ ಆಚೆ ಮಡಿಯೂ ಒದ್ದೆ. ಸ್ಪೂಲ್ ಅಂಥದ್ದು. ತಿರುಗಿಸಲು ಅದರಷ್ಟು ಒಳ್ಳೆಯದಿಲ್ಲ. ತಡೆದು ನಿಲ್ಲಿಸುವ ಕೆಲಸ ಅದರದ್ದಲ್ಲ.

ತಡೆಯಬೇಕಾದರೆ ಬೋರ್‌ವೆಲ್ ಪೈಪಿನ ಎನ್‌ಆರ್‌ವಿ ತರಹದ್ದು ಬೇಕು, ಒಂದೇ ಕಡೆಗೆ ಹರಿಯಲು ಬಿಡುವಂಥದ್ದು. ಗುಂಡೋ ಕೋನ್‌ನೋ ತನ್ನ ಪೀಠದ ಮೇಲೆ ಕುಳಿತು ಸುತ್ತಲೂ ಕಚ್ಚಿ ಹಿಡಿಯುವಂಥದ್ದು. ಭಾರ ಜಾಸ್ತಿ ಆದಷ್ಟೂ ಅದು ಬಿಗಿಯಾಗಿ ಕೂರುತ್ತದೆ. ಕೆಲವು ಟ್ರ್ಯಾಕ್ಟರ್ ವಾಲ್ವ್‌ಗಳಲ್ಲಿ ಅಂಥ ತಡೆ ವಾಲ್ವ್, ಅಂದರೆ ಚೆಕ್, ಒಳಗೇ ಇರುತ್ತದೆ. ನಿಮ್ಮದರಲ್ಲೂ ಇದ್ದಿರಬಹುದು. ಕೊಂಡಿ ಬಿಡಿಸುವಷ್ಟರಲ್ಲಿ ಒಂದು ಗೇಣು ಅಂದರೆ ಬರೀ ಜಿನುಗಲ್ಲ. ಚೆಕ್ ಪೀಠದಲ್ಲಿ ಕಸ ಕೂತಿದೆ ಅನ್ನಿಸುತ್ತದೆ.

ತಿಪಟೂರು ಐಟಿಐ

ಸರ್, ನಾನು ಫಿಟ್ಟರ್ ಟ್ರೇಡ್ ಓದುತ್ತಿದ್ದೇನೆ. ಚಿತ್ರದಲ್ಲಿ 4/3 ವಾಲ್ವ್ ಅಂತ ಬರುತ್ತದೆ. ನಾಲ್ಕು ದಾರಿ, ಮೂರು ಜಾಗ ಅಂತ ಗೊತ್ತು. ಪಿ ಪಂಪಿಗೆ, ಟಿ ಟ್ಯಾಂಕಿಗೆ, ಎ ಮತ್ತು ಬಿ ಜಾಕ್‌ಗೆ. ಆದರೆ ನಡುವಿನ ಜಾಗವನ್ನು ಬೇರೆ ಬೇರೆ ತರಹ ಬರೆಯುತ್ತಾರೆ. ಎಲ್ಲವೂ ನಿಲ್ಲಿಸುವುದಕ್ಕೇ ಇದ್ದರೆ ಅಷ್ಟು ತರಹ ಯಾಕೆ?

ವಸಂತನರಸಾಪುರ ಫಿಟ್ಟರ್

ಒಳ್ಳೆಯ ಪ್ರಶ್ನೆ ತಂಗಿ. ಕೆಲಸಕ್ಕೆ ಸೇರಿ ಹತ್ತು ವರ್ಷ ಆದವರೂ ಇದನ್ನು ಕೇಳುವುದಿಲ್ಲ, ನಂಬರ್ ನೋಡದೆ ವಾಲ್ವ್ ಬದಲಾಯಿಸಿ ತೊಂದರೆಗೆ ಸಿಗುತ್ತಾರೆ.

ನಡುವೆ ನಾಲ್ಕೂ ದಾರಿ ಮುಚ್ಚಿದ ವಾಲ್ವ್ ಹಾಕಿದೆವು ಅಂದುಕೊ. ಪಂಪ್ ಮಾತ್ರ ತಿರುಗುತ್ತಲೇ ಇದೆ, ಎಣ್ಣೆ ತಳ್ಳುತ್ತಲೇ ಇದೆ. ಹೋಗಲು ದಾರಿ ಇಲ್ಲ. ಕೊನೆಗೆ ರಿಲೀಫ್ ಎತ್ತಿಕೊಂಡು ಟ್ಯಾಂಕಿಗೆ ಬೀಳುತ್ತದೆ. ಬಾರ್ ಅನ್ನು ನಿಮಿಷದ ಲೀಟರ್‌ನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 150 ಬಾರ್, 30 ಲೀಟರ್ ಆದರೆ 7.5 ಕಿಲೋವ್ಯಾಟ್. ಅಂದರೆ ಬೋರ್‌ವೆಲ್‌ನ 10 ಎಚ್‌ಪಿ ಮೋಟರಿನಷ್ಟು ಶಕ್ತಿ. ಅದೆಲ್ಲ ಯಾವ ಕೆಲಸವನ್ನೂ ಮಾಡದೆ ಬರೀ ಎಣ್ಣೆ ಕಾಯಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕ್ ಮುಟ್ಟಲು ಆಗುವುದಿಲ್ಲ.

ಅದಕ್ಕೇ ಟ್ಯಾಂಡಮ್ ಸೆಂಟರ್ ಅಂತ ಇದೆ. ಅದರಲ್ಲಿ ನಡುವೆ ಪಿ, ಟಿ ಸೇರುತ್ತವೆ. ಪಂಪ್ ಆರಾಮಾಗಿ ತಿರುಗುತ್ತದೆ. ಎ, ಬಿ ಮುಚ್ಚಿರುತ್ತವೆ. ಫ್ಲೋಟ್ ಸೆಂಟರ್‌ನಲ್ಲಿ ಪಿ ಮುಚ್ಚಿರುತ್ತದೆ, ಎ ಮತ್ತು ಬಿ ಎರಡೂ ಟ್ಯಾಂಕಿಗೆ ತೆರೆದಿರುತ್ತವೆ. ಭಾರ ಎತ್ತಿ ನಿಲ್ಲಿಸುವ ಯಂತ್ರದಲ್ಲಿ ಇದನ್ನು ಹಾಕುತ್ತಾರೆ ಅಂದರೆ ನಂಬಲು ಕಷ್ಟ ಅಲ್ವಾ? ಆದರೆ ಜಾಕ್ ಹತ್ತಿರ ಪೈಲಟ್ ಚೆಕ್ ವಾಲ್ವ್ ಇದ್ದರೆ ಇದೇ ಬೇಕು. ಪೈಲಟ್ ಚೆಕ್ ಅಂದರೆ ಒಂದು ಕಡೆ ಸುಮ್ನೆ ಬಿಡುವ, ಇನ್ನೊಂದು ಕಡೆ ಅಪ್ಪಣೆ ಒತ್ತಡ ಬಂದರೆ ಮಾತ್ರ ಬಿಡುವ ಎನ್‌ಆರ್‌ವಿ. ಲಿವರ್ ನಡುವೆ ಬಂದ ತಕ್ಷಣ ಆ ಅಪ್ಪಣೆ ಒತ್ತಡ ಪೂರ್ತಿ ಇಳಿದುಹೋಗಬೇಕು. ಪೈಪಿನಲ್ಲಿ ಒತ್ತಡ ಸಿಕ್ಕಿಕೊಂಡರೆ ಚೆಕ್ ಅರೆಬರೆ ತೆರೆದೇ ಉಳಿಯುತ್ತದೆ, ಭಾರ ಜಾರುತ್ತದೆ. ಹೊಸ ಪೈಲಟ್ ಚೆಕ್ ಹಾಕಿಯೂ ಇಳಿಯುತ್ತಿದೆ ಅಂತ ದೂರು ಬಂದ ಎಷ್ಟೋ ಕಡೆ ನಾನು ಬದಲಾಯಿಸಿದ್ದು ಚೆಕ್ ಅಲ್ಲ, ಸ್ಪೂಲ್.

ಬೆಮೆಲ್ ನಗರ ನಿವೃತ್ತ

ಕೆಜಿಎಫ್‌ನಿಂದ ಬರೆಯುತ್ತಿದ್ದೇನೆ. ದೊಡ್ಡ ಯಂತ್ರಗಳ ನಡುವೆ ಕೆಲಸ ಮಾಡಿ ನಿವೃತ್ತನಾದವನು. ಫಿಟ್ಟರ್ ಅವರು ಹೇಳಿದ್ದು ಸರಿ. ಎರಡು ಪೈಪಿನ ಜಾಕ್ ಇರುವವರಿಗಾಗಿ ಒಂದು ವಿಷಯ ಸೇರಿಸುತ್ತೇನೆ.

ಭಾರ ಇಳಿದರೆ ಪಿಸ್ಟನ್ ಸೀಲ್, ಅಂದರೆ ಜಾಕ್ ಒಳಗೆ ಎರಡು ಕಡೆಯ ಎಣ್ಣೆಯನ್ನು ಬೇರೆ ಇಡುವ ರಿಂಗ್, ಹೋಗಿದೆ ಅಂತ ಕಣ್ಣು ಮುಚ್ಚಿಕೊಂಡು ಜಾಕ್ ಬಿಚ್ಚುತ್ತಾರೆ. ಕೆಳಗಿನಿಂದ ತಳ್ಳಿ ಎತ್ತುವ ಜಾಕ್‌ನಲ್ಲಿ ಎರಡೂ ಬಾಯಿ ಪೂರ್ತಿ ಮುಚ್ಚಿದ್ದರೆ, ಪಿಸ್ಟನ್ ಸೀಲ್ ಹರಿದಿದ್ದರೂ ಜಾಕ್ ಕೆಳಗಿನವರೆಗೆ ಇಳಿಯುವುದಿಲ್ಲ. ಯೋಚಿಸಿ ನೋಡಿ. ರಾಡ್ ಒಳಗೆ ಬರಬೇಕಾದರೆ ರಾಡ್ ದಪ್ಪದಷ್ಟು ಎಣ್ಣೆ ಹೊರಗೆ ಹೋಗಬೇಕು. ಬಾಯಿ ಮುಚ್ಚಿದೆ. ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಕುಸಿದು ನಿಲ್ಲುತ್ತದೆ. ಹಾಗಾಗಿ ಪೂರ್ತಿ ಇಳಿಯುತ್ತಿದೆ ಅಂದರೆ ವಾಲ್ವ್ ಕಡೆಯೂ ಸೋರಿಕೆ ಇದೆ ಅಂತಲೇ ಅರ್ಥ.

ಆದರೆ ಆಗ ಒತ್ತಡ ಎಲ್ಲಿಗೆ ಹೋಗುತ್ತದೆ ಅನ್ನುವುದು ಮುಖ್ಯ. 80 ಮಿ.ಮೀ. ಬೋರ್, 45 ಮಿ.ಮೀ. ರಾಡ್ ಜಾಕ್ ಇರಲಿ. ಸೀಲ್ ಹೋದರೆ ಎರಡೂ ಕಡೆ ಒಂದೇ ಒತ್ತಡ, ಭಾರ ಹೊರುವುದು ರಾಡಿನ ಮುಖದಷ್ಟು ವಿಸ್ತೀರ್ಣ ಮಾತ್ರ. 50 ಚದರ ಸೆಂಟಿಮೀಟರ್ ಹೊರುತ್ತಿದ್ದುದನ್ನು ಈಗ 16 ಹೊರಬೇಕು. 60 ಬಾರ್ ಇದ್ದದ್ದು 190ರ ಹತ್ತಿರ ಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಹೋಸ್ ಹಳೆಯದಿದ್ದರೆ ಆಗಲೇ ಸಿಡಿಯುವುದು.

ಗೌರಿಬಿದನೂರು ಕ್ವಾರಿ

ನಮ್ಮ ಕಡೆ ಕಲ್ಲು ಕ್ವಾರಿ. ಸಣ್ಣ ಕ್ರೇನ್ ಒಂದಿದೆ. ಅದು ನಿಂತಾಗ ಇಳಿಯುವುದಿಲ್ಲ. ಆದರೆ ಕಲ್ಲು ಇಳಿಸುವಾಗ ಧಡಕ್ ಧಡಕ್ ಅಂತ ಜಿಗಿಯುತ್ತಾ ಇಳಿಯುತ್ತದೆ. ಆಪರೇಟರ್ ಹುಡುಗರು ಹೆದರುತ್ತಾರೆ. ಪೈಲಟ್ ಚೆಕ್ ಇದೆ.

ವಸಂತನರಸಾಪುರ ಫಿಟ್ಟರ್

ಪೈಲಟ್ ಚೆಕ್ ಇರುವುದಕ್ಕೇ ಹಾಗೆ ಆಗುತ್ತಿದೆ ಅಣ್ಣ. ಅದಕ್ಕೆ ತೆರೆಯುವುದು ಗೊತ್ತು, ಮುಚ್ಚುವುದು ಗೊತ್ತು. ನಡುವಿನದು ಗೊತ್ತಿಲ್ಲ. ಇಳಿಸಲು ಲಿವರ್ ಕೊಟ್ಟಿರಿ, ಚೆಕ್ ತೆರೆಯಿತು, ಕಲ್ಲು ಭಾರಕ್ಕೆ ಪಂಪಿಗಿಂತ ಬೇಗ ಓಡಿತು. ಅಪ್ಪಣೆ ಒತ್ತಡ ಬಿದ್ದುಹೋಯಿತು, ಚೆಕ್ ಟಪ್ ಅಂತ ಮುಚ್ಚಿತು. ಮತ್ತೆ ಒತ್ತಡ ಏರಿತು, ಮತ್ತೆ ತೆರೆಯಿತು. ಇದೇ ನಿಮ್ಮ ಧಡಕ್ ಧಡಕ್.

ತಾನೇ ಓಡುವ ಭಾರಕ್ಕೆ ಕೌಂಟರ್‌ಬ್ಯಾಲೆನ್ಸ್ ವಾಲ್ವ್ ಬೇಕು. ಇಳಿಜಾರಿನಲ್ಲಿ ಎತ್ತಿನ ಗಾಡಿಯನ್ನು ಹಿಂದಿನಿಂದ ಹಗ್ಗ ಕಟ್ಟಿ ಹಿಡಿದುಕೊಂಡು ಇಳಿಸಿದ ಹಾಗೆ ಅದು ಎಣ್ಣೆಯನ್ನು ಹಿಡಿದು ಹಿಡಿದು ಬಿಡುತ್ತದೆ. ಸಾಮಾನ್ಯವಾಗಿ ಅತಿ ಹೆಚ್ಚು ಭಾರಕ್ಕೆ ಬರುವ ಒತ್ತಡಕ್ಕಿಂತ 30 ಶೇಕಡಾ ಮೇಲೆ ಅದನ್ನು ಸೆಟ್ ಮಾಡುತ್ತಾರೆ. ಅದನ್ನು ಜಾಕ್ ಮೈಗೇ ಕೂರಿಸಬೇಕು. ವಾಲ್ವಿಗೂ ಜಾಕ್‌ಗೂ ನಡುವೆ ರಬ್ಬರ್ ಹೋಸ್ ಬಂದರೆ ಹೋಸ್ ಒಡೆದ ದಿನ ವಾಲ್ವ್ ಇದ್ದೂ ಪ್ರಯೋಜನ ಇಲ್ಲ. ಇದನ್ನು ಅನುಭವ ಇರುವವರ ಕೈಯಲ್ಲೇ ಮಾಡಿಸಿ. ಅಲ್ಲಿಯವರೆಗೆ ಕಲ್ಲಿನ ಕೆಳಗೆ ಯಾರನ್ನೂ ಬಿಡಬೇಡಿ.

ಹಿರೇಹಳ್ಳಿ ಮೇಂಟೆನೆನ್ಸ್

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಪ್ರೆಸ್‌ನಲ್ಲಿ ಲಿವರ್ ಬದಲು ಕರೆಂಟಿನಿಂದ ಸ್ಪೂಲ್ ಜರುಗಿಸುವ ಸೊಲೆನಾಯ್ಡ್ ಕಾಯಿಲ್ ತಿಂಗಳಿಗೊಂದು ಸುಡುತ್ತಿದೆ. ಎಸಿ ಕಾಯಿಲ್. ವೋಲ್ಟೇಜ್ ಸರಿ ಇದೆ.

ವಸಂತನರಸಾಪುರ ಫಿಟ್ಟರ್

ಕಾಯಿಲ್ ಬಿಟ್ಟು ಸ್ಪೂಲ್ ನೋಡಿ. ಎಸಿ ಕಾಯಿಲ್ ಮೊದಲು ಜೋರು ಕರೆಂಟ್ ಎಳೆಯುತ್ತದೆ, ಸ್ಪೂಲ್ ತಳ್ಳುವ ಪ್ಲಂಜರ್ ಪೂರ್ತಿ ಒಳಗೆ ಬಂದ ಮೇಲೆ ಕಡಿಮೆ ಆಗುತ್ತದೆ. ಸ್ಪೂಲ್ ಕಸಕ್ಕೆ ಸಿಕ್ಕಿಕೊಂಡರೆ ಪ್ಲಂಜರ್ ಅರ್ಧಕ್ಕೆ ನಿಲ್ಲುತ್ತದೆ, ಜೋರು ಕರೆಂಟ್ ಹಾಗೇ ಉಳಿದು ಸುಟ್ಟುಹೋಗುತ್ತದೆ. ಡಿಸಿ ಕಾಯಿಲ್‌ಗೆ ಈ ತೊಂದರೆ ಇಲ್ಲ. ಎಣ್ಣೆ, ಫಿಲ್ಟರ್ ಮೊದಲು ಶುದ್ಧ ಮಾಡಿ.

ಚಿಂತಾಮಣಿ ಗ್ಯಾರೇಜ್

ಸರ್, ನಾನು ಮೇಲೆ ರಿಲೀಫ್ ಬಿಗಿ ಮಾಡಿ ಅಂದಿದ್ದೆ. ಎತ್ತದೇ ಇರುವ ಟ್ರಾಲಿಗೆ ಹಾಗೆ ಮಾಡಿ ಸರಿ ಹೋಗಿದ್ದು ಉಂಟು. ಇಳಿಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಈಗ ಅರ್ಥವಾಯಿತು. ಆದರೆ ಬಿಗಿ ಮಾಡಿದರೆ ಅಷ್ಟು ಅಪಾಯ ಯಾಕೆ?

ವಸಂತನರಸಾಪುರ ಫಿಟ್ಟರ್

ಕೇಳಿದ್ದು ಒಳ್ಳೆಯದಾಯಿತು ತಮ್ಮ. ರಿಲೀಫ್ ಅಂದರೆ ಕೋಡಿ ಅಂದೆ. ಆ ಸ್ಕ್ರೂ ಬಿಗಿ ಮಾಡುವುದು ಕೋಡಿಯ ಮೇಲೆ ಕಲ್ಲು ಜೋಡಿಸಿ ಎತ್ತರಿಸಿದಂತೆ. ಕೆರೆಯಲ್ಲಿ ನೀರು ಜಾಸ್ತಿ ನಿಲ್ಲುತ್ತದೆ, ನಿಜ. ಕಟ್ಟೆ ಅಷ್ಟನ್ನು ತಡೆಯುತ್ತದಾ ಅಂತ ಯಾರು ನೋಡಿದರು?

ನಮ್ಮ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಹತ್ತಿರದ ಖಡಕವಾಸಲಾದಲ್ಲಿ ಹಾಕಿಸಿದರು. ನೀರು ಗುರುತು ಮುಟ್ಟಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ರಾತ್ರಿ ಯಾರೂ ಎದ್ದು ಹೋಗಬೇಕಿಲ್ಲ. ರಿಲೀಫ್ ವಾಲ್ವ್ ಮಾಡುವುದೂ ಇದೇ. ಅದರ ಒಳಗಿನ ಸ್ಪ್ರಿಂಗ್ ಒಂದು ಗುರುತು. ಆ ಗುರುತನ್ನು ಹಾಕಿದವರು ಹೋಸ್, ಜಾಕ್, ಪಂಪ್ ಎಲ್ಲದರ ತಾಕತ್ತು ಲೆಕ್ಕ ಹಾಕಿ ಹಾಕಿರುತ್ತಾರೆ.

ನಾನು ಕೆಲಸ ಕಲಿಯುವಾಗ ಒಂದು ವರ್ಕ್‌ಶಾಪಿನ ಪ್ರೆಸ್‌ನಲ್ಲಿ ಗೇಜ್ ಕೆಟ್ಟು ತಿಂಗಳುಗಟ್ಟಲೆ ಆಗಿತ್ತು. ಕೆಲಸ ನಿಧಾನ ಅನ್ನಿಸಿದಾಗಲೆಲ್ಲ ಯಾರಾದರೂ ಕಾಲು ಸುತ್ತು ಬಿಗಿ ಮಾಡುತ್ತಿದ್ದರು. ನಾನೂ ಒಂದು ಸಲ ಮಾಡಿದ್ದೆ. ಒಂದು ಸಂಜೆ ಹೋಸ್ ಕ್ರಿಂಪ್‌ನಿಂದ ಕಿತ್ತು ಬಂದು ಚಾವಟಿಯಂತೆ ಬೀಸಿತು. ಪಕ್ಕದಲ್ಲಿ ನಿಂತಿದ್ದವರ ಮುಂಗೈ ಮೂಳೆ ಮುರಿಯಿತು. ಮುಖಕ್ಕೆ ಬಡಿಯಲಿಲ್ಲ ಅನ್ನುವುದೇ ಸಮಾಧಾನ. ಅವತ್ತಿನಿಂದ ಗೇಜ್ ಇಲ್ಲದೆ ನಾನು ಆ ಸ್ಕ್ರೂ ಮುಟ್ಟಿಲ್ಲ.

ಬೆಮೆಲ್ ನಗರ ನಿವೃತ್ತ

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಹೋಸ್‌ನಲ್ಲಿ ಸೂಜಿಮೊನೆಯಷ್ಟು ತೂತಾಗಿ ಎಣ್ಣೆ ಸಿಡಿಯುತ್ತಿದ್ದರೆ ಕೈಯಿಂದ ತಡಕಿ ನೋಡಬೇಡಿ. ಆ ಒತ್ತಡಕ್ಕೆ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ನೋವೂ ಮೊದಲು ಅಷ್ಟಾಗಿ ಇರುವುದಿಲ್ಲ. ಒಳಗೆ ಮಾಂಸ ಕೊಳೆಯಲು ಶುರುವಾಗುತ್ತದೆ. ತಡ ಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾಗುತ್ತದೆ. ರಟ್ಟು ಹಿಡಿದು ನೋಡಿ. ತಗುಲಿತು ಅಂದರೆ ಅರಿಶಿನ ಹಚ್ಚಿ ಮಲಗಬೇಡಿ, ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ.

ಮುಳಬಾಗಿಲು ಟ್ರ್ಯಾಕ್ಟರ್

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಟ್ರಾಲಿ ಪೂರ್ತಿ ಇಳಿಸಿ, ಎಂಜಿನ್ ನಿಲ್ಲಿಸಿ, ಒತ್ತಡ ಬಿಡಿಸಿ ವಾಲ್ವ್ ಬಿಚ್ಚಿಸಿದೆ. ಫಿಟ್ಟರ್ ಸರ್ ಹೇಳಿದ ಹಾಗೆ ಒಳಗೆ ಚೆಕ್ ಇತ್ತು. ಅದರ ಪೀಠದ ಅಂಚಿನಲ್ಲಿ ಮರಳಿನ ಕಾಳಿನಷ್ಟು ಒಂದು ಚೂರು ಸಿಕ್ಕಿಕೊಂಡಿತ್ತು. ಕೋನ್ ಮೇಲೆ ಉಗುರಿಗೆ ತಾಗುವಂಥ ಗೀರು. ಕೋನ್, ಸ್ಪ್ರಿಂಗ್ ಹೊಸದು ಹಾಕಿಸಿದೆ. ಪಂಪ್ ಮುಟ್ಟಲಿಲ್ಲ.

ಆ ಚೂರು ಎಲ್ಲಿಂದ ಬಂತು ಸರ್? ಎಣ್ಣೆ ಹೋದ ವರ್ಷ ಬದಲಾಯಿಸಿದ್ದೆ.

ವಸಂತನರಸಾಪುರ ಫಿಟ್ಟರ್

ಟ್ರಾಲಿ ಬಿಚ್ಚಿಟ್ಟಾಗ ಹೋಸಿನ ತುದಿಯಲ್ಲಿ ಸಿಕ್ಕಿಸುವ ಕ್ವಿಕ್ ಕಪ್ಲರ್ ಎಲ್ಲಿರುತ್ತದೆ?

ಮುಳಬಾಗಿಲು ಟ್ರ್ಯಾಕ್ಟರ್

ನೆಲದ ಮೇಲೆ.

ವಸಂತನರಸಾಪುರ ಫಿಟ್ಟರ್

ಅಲ್ಲಿಂದಲೇ. ಕೋಲಾರದ ಕೆಂಪು ಧೂಳು ಅದರ ಮೂತಿಗೆ ಅಂಟುತ್ತದೆ. ಒರೆಸದೆ ಸಿಕ್ಕಿಸುತ್ತೀರಿ. ಟ್ರಾಲಿ ಇಳಿಯುವಾಗ ಎಣ್ಣೆ ವಾಪಸ್ ಬರುತ್ತದಲ್ಲ, ಅದು ಫಿಲ್ಟರಿಗೆ ಹೋಗುವ ಮೊದಲು ವಾಲ್ವಿಗೇ ಬರುತ್ತದೆ. ಕಪ್ಲರಿಗೆ ರಬ್ಬರ್ ಟೋಪಿ ಸಿಗುತ್ತದೆ, ಹಾಕಿ. ಸಿಕ್ಕಿಸುವ ಮುಂಚೆ ನೂಲು ಬಿಡದ ಬಟ್ಟೆಯಲ್ಲಿ ಒರೆಸಿ.

ಜಾಕ್ ಬಾಯಿಗೆ ಒಂದು ಬಾಲ್ ವಾಲ್ವ್ ಕೂಡ ಹಾಕಿಸಿ. ಹೈಡ್ರಾಲಿಕ್ ಒತ್ತಡಕ್ಕೆ ಮಾಡಿದ್ದೇ ಆಗಬೇಕು, ನೀರಿನ ಪೈಪಿನದಲ್ಲ. ಎತ್ತಿ ಕೆಲಸ ಮಾಡುವಾಗ ಮುಚ್ಚಿ. ಇಷ್ಟಾದ ಮೇಲೂ ಕೆಳಗೆ ಹೋಗುವ ಮುಂಚೆ ಕಬ್ಬಿಣದ ಆಸರೆ ಕಂಬ ಕೊಡಲೇಬೇಕು. ಮಗನಿಗೂ ಹೇಳಿ.

ಮುಳಬಾಗಿಲು ಟ್ರ್ಯಾಕ್ಟರ್

ಎಲ್ಲ ಮಾಡಿದೆ ಸರ್. ಕಂಬ ಮಗನೇ ವೆಲ್ಡಿಂಗ್ ಮಾಡಿಸಿದ. ನಿನ್ನೆ ಸಂಜೆ ಕೆಲಸ ಮುಗಿದ ಮೇಲೆ ಖಾಲಿ ಟ್ರಾಲಿ ಎತ್ತಿ, ಬಾಲ್ ವಾಲ್ವ್ ಮುಚ್ಚಿ, ಕಂಬಕ್ಕೂ ಚಾಸಿಗೂ ನಾಲ್ಕು ಬೆರಳು ಸಂದು ಬಿಟ್ಟು, ಜಾಕ್ ರಾಡ್ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆ. ಬೆಳಿಗ್ಗೆ ನೋಡಿದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಇಳಿದಿದೆ. ಬಾಲ್ ವಾಲ್ವೂ ಸೋರುತ್ತಿದೆಯಾ?

ಬೆಮೆಲ್ ನಗರ ನಿವೃತ್ತ

ಸೋರುತ್ತಿಲ್ಲ ಅನ್ನಿಸುತ್ತದೆ. ಸಂಜೆ ಎಣ್ಣೆ ಬಿಸಿ ಇತ್ತು, ರಾತ್ರಿ ತಣ್ಣಗಾಯಿತು. 10 ಡಿಗ್ರಿ ಇಳಿದರೆ ಎಣ್ಣೆ ಸುಮಾರು 0.7 ಶೇಕಡಾ ಕುಗ್ಗುತ್ತದೆ. ಜಾಕ್ ಒಂದು ಮೀಟರ್ ಹತ್ತಿರ ಎತ್ತಿದ್ದರೆ, 15 ಡಿಗ್ರಿ ಇಳಿದಿದ್ದರೆ, ಲೆಕ್ಕಕ್ಕೆ ಒಂದು ಸೆಂಟಿಮೀಟರ್ ಸರಿಯಾಗಿ ಬರುತ್ತದೆ. ಇವತ್ತು ಬೆಳಿಗ್ಗೆ ತಣ್ಣಗಿರುವಾಗ ಹೊಸ ಗುರುತು ಹಾಕಿ, ನಾಳೆ ಅದೇ ಹೊತ್ತಿಗೆ ನೋಡಿ.

ಒಂದು ಎಚ್ಚರಿಕೆ. ಪೂರ್ತಿ ಮೇಲಕ್ಕೆ ಎತ್ತಿ, ಕೊನೆ ತಾಗಿಸಿ ಬಾಲ್ ವಾಲ್ವ್ ಮುಚ್ಚಬೇಡಿ. ಬಿಸಿಲಿಗೆ ಎಣ್ಣೆ ಹಿಗ್ಗುತ್ತದೆ. ರಾಡಿಗೆ ಮೇಲೆ ಹೋಗಲು ಜಾಗ ಇಲ್ಲದಿದ್ದರೆ ಒತ್ತಡ ವಿಪರೀತ ಏರುತ್ತದೆ. ಬಾಲ್ ವಾಲ್ವ್ ಮುಚ್ಚಿರುವುದರಿಂದ ನಿಮ್ಮ ರಿಲೀಫಿಗೆ ಅದು ಗೊತ್ತೇ ಆಗುವುದಿಲ್ಲ. ಒಂದು ಗೇಣು ಉಳಿಸಿಕೊಂಡು ನಿಲ್ಲಿಸಿ.

ಮುಳಬಾಗಿಲು ಟ್ರ್ಯಾಕ್ಟರ್

ನೀವು ಹೇಳಿದಂತೆ ನಿನ್ನೆ ಬೆಳಿಗ್ಗೆ ಆರಕ್ಕೆ ಗುರುತು ಹಾಕಿದ್ದೆ. ಇವತ್ತು ಆರಕ್ಕೆ ನೋಡಿದೆ. ಗುರುತು ಇದ್ದಲ್ಲೇ ಇದೆ.